ಮೂರು ಮ್ಯಾಚ್ ಸೋತ ಮೇಲೂ ಬೆಳಗ್ಗೆ 5.30ಕ್ಕೆ ಅಲಾರಂ ಇಟ್ಟಿದ್ದು ಯಾಕೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು 2025ರ ಮೇ 31, ಶನಿವಾರ. ಮೊನ್ನೆ ರಾತ್ರಿ ಆರ್‌ಸಿಬಿ ಫೈನಲ್‌ಗೆ ಹೋಗಿದೆ. ಬೆಂಗಳೂರಲ್ಲಿ ಸದ್ಯಕ್ಕೆ ಬೇರೆ ಮಾತೇ ಇಲ್ಲ, ಗೊತ್ತು. ಆದ್ರೆ ಇವತ್ತಿನ ಎಪಿಸೋಡ್ ಕ್ರಿಕೆಟ್ ಬಗ್ಗೆ ಅಲ್ಲ. ಆರ್‌ಸಿಬಿ ಫೈನಲ್‌ಗೆ ಹೋದ ಕೆಲವೇ ಗಂಟೆಗಳಲ್ಲಿ, ನಮ್ಮ ಶುಕ್ರವಾರ ಬೆಳಗ್ಗೆ, ಕೆನಡಾದ ಇನ್ನೊಂದು ತಂಡ ಕೂಡ ಫೈನಲ್‌ಗೆ ಹೋಯ್ತು. ಅದರ ಹೆಸರು ಎಡ್ಮಂಟನ್ ಆಯ್ಲರ್ಸ್. ಆಟ ಐಸ್ ಹಾಕಿ. ಎದುರಾಳಿ ಫ್ಲೋರಿಡಾ ಪ್ಯಾಂಥರ್ಸ್.

ಇದೇ ಎರಡು ತಂಡಗಳು ಹೋದ ವರ್ಷವೂ ಫೈನಲ್ ಆಡಿದ್ವು. ಆ ಸರಣಿಯ ಅರ್ಧವನ್ನ ನಾನು ಬೆಳಗಿನ ಜಾವ ಫೋನಲ್ಲಿ ನೋಡಿದ್ದೆ. ನನಗೆ ಐಸ್ ಹಾಕಿ ಬಗ್ಗೆ ಅಲ್ಲೀವರೆಗೂ ಏನೂ ಗೊತ್ತಿರ್ಲಿಲ್ಲ. ನೋಡೋಕೆ ಶುರು ಮಾಡಿದ್ದು ಒಬ್ಬ ಫ್ರೆಂಡ್‌ಗೋಸ್ಕರ. ಆ ಹತ್ತು ದಿನಗಳಲ್ಲಿ ಒಂದು ಪ್ರಶ್ನೆ ತಲೇಲಿ ಕೂತ್ಕೊಂಡಿದ್ದು ಇನ್ನೂ ಹೋಗಿಲ್ಲ. ಕೊನೆಗೆ ಸೋಲೋದೇ ಆದ್ರೆ, ಮಧ್ಯದಲ್ಲಿ ಆಸೆ ಹುಟ್ಟಿಸಿ ಸೋಲೋದು ಒಳ್ಳೇದಾ, ಸುಮ್ನೆ ಮೊದಲೇ ಸೋತುಬಿಡೋದು ಒಳ್ಳೇದಾ?

ಆರ್‌ಸಿಬಿ ಫ್ಯಾನ್‌ಗಳಿಗೆ ಈ ಪ್ರಶ್ನೆ ಅರ್ಥ ಮಾಡಿಸ್ಬೇಕಾಗಿಲ್ಲ. 2024ರ ಐಪಿಎಲ್ ನೆನಪಿದೆಯಲ್ವಾ? ಮೊದಲ 8 ಮ್ಯಾಚಲ್ಲಿ ಒಂದೇ ಗೆಲುವು. ಆಮೇಲೆ ಸತತ 6 ಗೆದ್ದು ಪ್ಲೇಆಫ್‌ಗೆ ಹೋಗಿ, ಮೇ 22ಕ್ಕೆ ಎಲಿಮಿನೇಟರ್‌ನಲ್ಲಿ ರಾಜಸ್ಥಾನ್ ರಾಯಲ್ಸ್ ಎದುರು ಸೋತ್ವಿ. ಆ ಗಾಯ ಇನ್ನೂ ಹಸಿ ಇದ್ದಾಗಲೇ, ಎರಡೂವರೆ ವಾರದ ನಂತರ, ಈ ಹಾಕಿ ಫೈನಲ್ ಶುರುವಾಯ್ತು.

ಮೊದಲು ಆಟ ಏನು ಅಂತ ನೋಡೋಣ

ಹಾಕಿ ಅಂದ ತಕ್ಷಣ ನಮಗೆ ಕಣ್ಮುಂದೆ ಬರೋದು ಕೊಡಗು, ಹಸಿರು ಮೈದಾನ, ಒಂದು ತಂಡಕ್ಕೆ 11 ಜನ. ಇದು ಬೇರೆ. ಮಂಜುಗಡ್ಡೆಯ ಮೇಲೆ, ಕಾಲಿಗೆ ಸ್ಕೇಟ್ ಕಟ್ಕೊಂಡು ಆಡೋ ಆಟ. ಒಂದು ಸಲಕ್ಕೆ ಒಂದು ತಂಡದಿಂದ ಗೋಲ್‌ಕೀಪರ್ ಸೇರಿ 6 ಜನ. ಚೆಂಡಿನ ಬದಲು ಪಕ್, ಅಂದ್ರೆ ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. 20 ನಿಮಿಷದ ಮೂರು ಪೀರಿಯಡ್.

ಅಮೆರಿಕ ಮತ್ತು ಕೆನಡಾದ 32 ತಂಡಗಳ ಲೀಗ್ ಎನ್‌ಎಚ್‌ಎಲ್. ಅದರ ಟ್ರೋಫಿ ಸ್ಟಾನ್ಲಿ ಕಪ್. ಐಪಿಎಲ್ ಥರ ಫೈನಲ್ ಒಂದೇ ರಾತ್ರಿಗೆ ಮುಗಿಯಲ್ಲ. ಗರಿಷ್ಠ 7 ಮ್ಯಾಚ್‌ಗಳ ಸರಣಿ, ಮೊದಲು 4 ಗೆದ್ದವರಿಗೆ ಕಪ್. ಮೊದಲ ಎರಡು ಒಂದು ಊರಲ್ಲಿ, ಮುಂದಿನ ಎರಡು ಇನ್ನೊಂದು ಊರಲ್ಲಿ. ಆಮೇಲೂ ಬೇಕಾದ್ರೆ ಐದು, ಆರು, ಏಳನೇದು ಒಂದೊಂದಾಗಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಎಡ್ಮಂಟನ್ ಮತ್ತು ಫ್ಲೋರಿಡಾದ ಸನ್‌ರೈಸ್ ಮಧ್ಯೆ ಇರೋ ದೂರ ಸುಮಾರು 4,000 ಕಿಲೋಮೀಟರ್. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೂ ಅಷ್ಟಿಲ್ಲ.

ಈಗ ಎಡ್ಮಂಟನ್ ಬಗ್ಗೆ. ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ, ಸುಮಾರು 10 ಲಕ್ಷ ಜನರಿರೋ ತೈಲದ ಊರು. ಅದಕ್ಕೇ ತಂಡದ ಹೆಸರು ಆಯ್ಲರ್ಸ್. ವೇನ್ ಗ್ರೆಟ್ಸ್ಕಿ ಅನ್ನೋ ದಂತಕಥೆ ಆಡಿದ್ದು ಇಲ್ಲೇ. 1984ರಿಂದ 1990ರ ಒಳಗೆ ಐದು ಕಪ್ ಗೆದ್ದಿದ್ರು. ಆಮೇಲೆ ಒಂದೂ ಇಲ್ಲ. ಇನ್ನೂ ದೊಡ್ಡ ವಿಷಯ ಅಂದ್ರೆ, ಐಸ್ ಹಾಕಿಯನ್ನ ತಮ್ಮ ಮನೆ ಆಟ ಅನ್ಕೊಂಡಿರೋ ಕೆನಡಾದ ಯಾವ ತಂಡವೂ 1993ರ ನಂತರ ಕಪ್ ಗೆದ್ದಿಲ್ಲ. ಹಾಗಾಗಿ ಅಲ್ಲಿನ ಫ್ಯಾನ್ ತಲೆ ಮೇಲಿರೋ ಭಾರ ನಮ್ಮ 17 ವರ್ಷದ ಕಾಯುವಿಕೆಗಿಂತ ಹಳೇದು.

ಫ್ರೆಂಡ್ ಎಲ್ಲಿಂದ ಬಂದ ಅಂದ್ರೆ

ನನ್ನ ಜೊತೆ ಬಿ.ಕಾಂ. ಓದಿದ ಒಬ್ಬ ತುಮಕೂರಿನ ಹುಡುಗ. ಹೆಸರು ಹೇಳ್ಬೇಡ ಅಂದಿದಾನೆ. 2024ರ ಜನವರಿಯಲ್ಲಿ ಕೆಲಸಕ್ಕೆ ಅಂತ ಎಡ್ಮಂಟನ್‌ಗೆ ಹೋದ. ಹೋದ ವಾರವೇ ಮೈನಸ್ 40ರ ಚಳಿ. ಆಫೀಸು, ರೂಮು, ಆಫೀಸು. ಯಾರೂ ಪರಿಚಯ ಇಲ್ಲ. ಏಪ್ರಿಲ್‌ವರೆಗೂ ಅವನ ವಾಯ್ಸ್ ನೋಟ್‌ಗಳಲ್ಲಿ ಒಂದೇ ಮಾತು, "ಮಗಾ, ವಾಪಸ್ ಬಂದ್ಬಿಡ್ತೀನಿ ಕಣೋ."

ಮೇ ತಿಂಗಳಿಗೆ ಬರೋ ಹೊತ್ತಿಗೆ ಊರೆಲ್ಲಾ ಕಿತ್ತಳೆ ಮತ್ತು ನೀಲಿ ಬಣ್ಣ. ಆಫೀಸಲ್ಲಿ ಅದೇ ಮಾತು, ಬಸ್ಸಲ್ಲಿ ಅದೇ ಮಾತು. ಇವನು ಯಾರ ಜೊತೆಗಾದ್ರೂ ಮಾತಾಡೋಕೆ ಒಂದು ವಿಷಯ ಸಿಗ್ಲಿ ಅಂತ ನೋಡೋಕೆ ಶುರು ಮಾಡಿದ. ಸೆಮಿಫೈನಲ್ ಹೊತ್ತಿಗೆ ಜೆರ್ಸಿ ತಗೊಂಡಿದ್ದ. ನನಗೂ ನೋಡು ಅಂತ ಗಂಟುಬಿದ್ದ. ಅಲ್ಲಿ ಸಂಜೆ 6 ಗಂಟೆ ಅಂದ್ರೆ ನಮಗೆ ಮಾರನೇ ದಿನ ಬೆಳಗ್ಗೆ 5.30.

ಇನ್ನೊಂದು ವಿಷಯ. ಆ ಸೀಸನ್ನೇ ಒಂದು ಕಮ್‌ಬ್ಯಾಕ್ ಆಗಿತ್ತು. 2023ರ ನವೆಂಬರ್‌ನಲ್ಲಿ ಆಯ್ಲರ್ಸ್ ಪಾಯಿಂಟ್ಸ್ ಟೇಬಲ್‌ನ ತಳದಲ್ಲಿತ್ತು. ಕೋಚ್‌ನ ಕಿತ್ತುಹಾಕಿದ್ರು. ಹೊಸ ಕೋಚ್ ಕ್ರಿಸ್ ನಾಬ್ಲಾಕ್ ಬಂದ ಮೇಲೆ ಒಂದು ಹಂತದಲ್ಲಿ ಸತತ 16 ಮ್ಯಾಚ್ ಗೆದ್ರು. ಲೀಗ್ ದಾಖಲೆ 17. ಅಂದ್ರೆ ಫೈನಲ್‌ಗೆ ಬರೋ ಹೊತ್ತಿಗೆ ಫ್ಯಾನ್‌ಗಳಿಗೆ "ಇವರು ಬಿದ್ರೂ ಏಳ್ತಾರೆ" ಅನ್ನೋ ಅಭ್ಯಾಸ ಆಗಿಬಿಟ್ಟಿತ್ತು.

ಸೊನ್ನೆಗೆ ಮೂರು

ಜೂನ್ 8, ಮೊದಲ ಮ್ಯಾಚ್, ಫ್ಲೋರಿಡಾ 3–0. ಜೂನ್ 10, ಎರಡನೇದು, ಫ್ಲೋರಿಡಾ 4–1. ಜೂನ್ 13, ಎಡ್ಮಂಟನ್‌ನ ರಾಜರ್ಸ್ ಪ್ಲೇಸ್‌ನಲ್ಲಿ, ಸ್ವಂತ ಜನರ ಮುಂದೆ, 4–3. ಮೂರಕ್ಕೆ ಮೂರು ಸೋಲು.

ಅವತ್ತು ಅವನ ವಾಯ್ಸ್ ನೋಟ್ 11 ಸೆಕೆಂಡಿಂದು. "ಮುಗೀತು ಮಗಾ. ಶನಿವಾರದ್ದು ನೋಡಲ್ಲ. ನೀನೂ ನಿದ್ದೆ ಮಾಡು."

ಇಲ್ಲಿ ನನ್ನೊಳಗಿನ ಕಾಮರ್ಸ್ ಸ್ಟೂಡೆಂಟ್ ಎದ್ದು ಕೂತ. ಲೆಕ್ಕ ಹಾಕಿದೆ. ಎರಡೂ ತಂಡ ಸಮ ಅಂತ ಇಟ್ಕೊಳಿ, ಪ್ರತಿ ಮ್ಯಾಚ್ ಒಂದು ಟಾಸ್ ಇದ್ದಂಗೆ. ಸತತ ನಾಲ್ಕು ಸಲ ಟಾಸ್ ಗೆಲ್ಲೋ ಸಾಧ್ಯತೆ ಎಷ್ಟು? ಅರ್ಧದ ಅರ್ಧದ ಅರ್ಧದ ಅರ್ಧ. 16ರಲ್ಲಿ ಒಂದು. ಶೇಕಡಾ 6.25.

ಆದ್ರೆ ಇತಿಹಾಸ ಇನ್ನೂ ಕಟುವಾಗಿದೆ. ಎನ್‌ಎಚ್‌ಎಲ್ ಪ್ಲೇಆಫ್‌ಗಳಲ್ಲಿ 7 ಮ್ಯಾಚ್‌ಗಳ ಸರಣಿಯಲ್ಲಿ 0–3 ಹಿಂದೆ ಬಿದ್ದ ತಂಡಗಳು 200ಕ್ಕೂ ಹೆಚ್ಚು. ಅಲ್ಲಿಂದ ಎದ್ದು 4–3 ಗೆದ್ದವು ಕೇವಲ ನಾಲ್ಕು: 1942ರಲ್ಲಿ ಟೊರಾಂಟೊ, 1975ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್, 2010ರಲ್ಲಿ ಫಿಲಡೆಲ್ಫಿಯಾ, 2014ರಲ್ಲಿ ಲಾಸ್ ಏಂಜಲೀಸ್. ಶೇಕಡಾ 2ರ ಆಸುಪಾಸು.

6 ಯಾಕೆ 2 ಆಯ್ತು? ಯಾಕಂದ್ರೆ ಮೂರು ಸೋತ ತಂಡ ಸಾಮಾನ್ಯವಾಗಿ ಸಮಬಲದ ತಂಡ ಆಗಿರಲ್ಲ. ಆ ಮೂರು ಸೋಲು ಬರೀ ದುರದೃಷ್ಟ ಅಲ್ಲ, ಒಂದು ಮಾಹಿತಿ ಕೂಡ. ಪ್ರತಿ ಮ್ಯಾಚ್ ಗೆಲ್ಲೋ ಸಾಧ್ಯತೆ 50ರ ಬದಲು 40 ಅಂತ ಹಾಕಿ ನೋಡಿ. ನಾಲ್ಕು ಸಲ ಗುಣಿಸಿದ್ರೆ ಬರೋದು ಶೇಕಡಾ 2.56. ಇತಿಹಾಸದ ಹತ್ತಿರ ಬಂತು. ನೋಡಿ, ಒಂದು ಮ್ಯಾಚಿಗೆ 10 ಪರ್ಸೆಂಟ್ ಕಮ್ಮಿ ಅನ್ನೋದು ದೊಡ್ಡ ವ್ಯತ್ಯಾಸ ಅನ್ಸಲ್ಲ. ಆದ್ರೆ ನಾಲ್ಕು ಸಲ ಗುಣಾಕಾರ ಆದಾಗ ಆಸೆ ಅರ್ಧಕ್ಕಿಂತ ಕೆಳಗಿಳಿಯುತ್ತೆ. ಇದು ಚಕ್ರಬಡ್ಡಿ ಉಲ್ಟಾ ಓಡಿದಂಗೆ.

ಫೈನಲ್‌ನಲ್ಲಿ ಅಂತ ನೋಡಿದ್ರೆ ಗೆದ್ದಿದ್ದು ಒಂದೇ ಒಂದು ತಂಡ, 1942ರ ಟೊರಾಂಟೊ ಮೇಪಲ್ ಲೀಫ್ಸ್. ಡೆಟ್ರಾಯಿಟ್ ಎದುರು ಮೂರು ಸೋತ ಮೇಲೆ ಅವರ ಕೋಚ್ ಹ್ಯಾಪ್ ಡೇ ತಂಡದ ಮುಖ್ಯ ಆಟಗಾರರನ್ನೇ ಬೆಂಚಲ್ಲಿ ಕೂರಿಸಿದ್ರು. ನಾಲ್ಕನೇ ಮ್ಯಾಚಿಗೆ ಮೊದಲು ಒಬ್ಬ 14 ವರ್ಷದ ಹುಡುಗಿ ಬರೆದ ಪತ್ರವನ್ನ ಡ್ರೆಸ್ಸಿಂಗ್ ರೂಮಲ್ಲಿ ಓದಿದ್ರು ಅಂತ ಹಾಕಿ ಲೋಕದಲ್ಲಿ ಇವತ್ತಿಗೂ ಹೇಳ್ತಾರೆ. ಏಪ್ರಿಲ್ 18ಕ್ಕೆ ಏಳನೇ ಮ್ಯಾಚ್ 3–1ರಿಂದ ಗೆದ್ರು. ಪತ್ರದಿಂದ ಗೆದ್ರಾ, ತಂಡ ಬದಲಾಯಿಸಿದ್ದಕ್ಕಾ? ನನಗೆ ಎರಡನೇದೇ ಸರಿ ಅನ್ಸುತ್ತೆ. ಆದ್ರೆ 80 ವರ್ಷ ಆದ್ರೂ ಜನ ನೆನಪಿಟ್ಟಿರೋದು ಪತ್ರವನ್ನ.

ಹಾಗಾದ್ರೆ ಆಸೆ ಇಟ್ಕೊಂಡಿದ್ದು ಪೆದ್ದತನವಾ?

ಪೂರ್ತಿ ಅಲ್ಲ. ಸ್ಕೋರ್ ಒಂದು ಕಥೆ ಹೇಳಿದ್ರೆ ಆಟ ಇನ್ನೊಂದು ಹೇಳ್ತಿತ್ತು. ಮೊದಲ ಮ್ಯಾಚ್‌ನಲ್ಲಿ ಎಡ್ಮಂಟನ್ ಗೋಲಿಗೆ ಹೊಡೆದಿದ್ದು 32 ಸಲ, ಫ್ಲೋರಿಡಾ 18 ಸಲ. ಆ 32ನ್ನೂ ಫ್ಲೋರಿಡಾದ ಗೋಲ್‌ಕೀಪರ್ ಸೆರ್ಗೆ ಬಾಬ್ರೋವ್ಸ್ಕಿ ತಡೆದ್ರು. ಮೂರನೇ ಮ್ಯಾಚ್‌ನಲ್ಲಿ 4–1 ಹಿಂದೆ ಇದ್ದವರು ಕೊನೇ ಪೀರಿಯಡ್‌ನಲ್ಲಿ ಎರಡು ಗೋಲ್ ಹೊಡೆದು ಒಂದೇ ಗೋಲಿಂದ ಸೋತ್ರು.

ಐಸ್ ಹಾಕಿಯಲ್ಲಿ ಒಬ್ಬ ಗೋಲ್‌ಕೀಪರ್ ಅದ್ಭುತ ಫಾರ್ಮ್‌ನಲ್ಲಿದ್ರೆ ಚೆನ್ನಾಗಿ ಆಡಿದ ತಂಡವೂ ಸೋಲುತ್ತೆ. ಆದ್ರೆ ಆ ಫಾರ್ಮ್ ಯಾವತ್ತು ಬೇಕಾದ್ರೂ ಮುರೀಬಹುದು. ಫ್ಯಾನ್ ಹಿಡ್ಕೊಂಡಿದ್ದು ಈ ಎಳೆಯನ್ನ.

ಇನ್ನೊಂದು ವಿಷಯ ನಾನು ಆಮೇಲೆ ಗಮನಿಸಿದ್ದು. ಯಾವ ಫ್ಯಾನೂ ನಾಲ್ಕು ಮ್ಯಾಚ್ ಗೆಲ್ಬೇಕು ಅಂತ ಕೂತು ನೋಡಲ್ಲ. ಒಂದು ಗೆದ್ರೆ ಸಾಕು ಅಂತ ನೋಡ್ತಾನೆ. ಶೇಕಡಾ 2ನ್ನ ನಂಬೋಕೆ ಕಷ್ಟ, ಶೇಕಡಾ 40ನ್ನ ನಂಬಬಹುದು. ಶನಿವಾರದ್ದು ನೋಡಲ್ಲ ಅಂದಿದ್ದ ನನ್ನ ಫ್ರೆಂಡ್ ಶನಿವಾರ ಸಂಜೆ ಕ್ರೀಡಾಂಗಣದ ಹೊರಗಿನ ದೊಡ್ಡ ಪರದೆ ಮುಂದೆ ನಿಂತಿದ್ದ. ಕೇಳಿದ್ರೆ, "ಮನೆ ಅಂಗಳದಲ್ಲೇ 4–0 ಆಗಬಾರ್ದು, ಅಷ್ಟೇ" ಅಂದ. ನಾನೂ ಭಾನುವಾರ ಬೆಳಗ್ಗೆಗೆ ಅಲಾರಂ ಇಟ್ಟೆ.

ಮೂರು ಬೆಳಗು

ಜೂನ್ 15, ನಾಲ್ಕನೇ ಮ್ಯಾಚ್. ಮೂರು ನಿಮಿಷ ದಾಟ್ತಿದ್ದ ಹಾಗೆ ಮಟಿಯಾಸ್ ಯಾನ್‌ಮಾರ್ಕ್ ಗೋಲ್ ಹೊಡೆದ. ಅದೂ ಹೇಗೆ? ಎಡ್ಮಂಟನ್‌ನ ಒಬ್ಬ ಆಟಗಾರ ಪೆನಾಲ್ಟಿಯಲ್ಲಿ ಹೊರಗೆ ಕೂತಿದ್ದಾಗ, ಅಂದ್ರೆ ಒಬ್ಬ ಕಮ್ಮಿ ಇದ್ದಾಗ. ಆಮೇಲೆ ಅಣೆಕಟ್ಟು ಒಡೆದಂಗಾಯ್ತು. ಬಾಬ್ರೋವ್ಸ್ಕಿ ಐದು ಗೋಲ್ ಬಿಟ್ಟುಕೊಟ್ಟ ಮೇಲೆ ಅವರನ್ನ ಹೊರಗೆ ಕರೆಸಿಕೊಂಡ್ರು. ಕೊನೆಗೆ 8–1.

ಜೂನ್ 18, ಐದನೇದು, ಮತ್ತೆ ಫ್ಲೋರಿಡಾದಲ್ಲಿ. ಎಡ್ಮಂಟನ್ 4–1 ಮುಂದಿತ್ತು, ಅದು 4–3ಕ್ಕೆ ಬಂತು. ನನ್ನ ಚಹಾ ತಣ್ಣಗಾಯ್ತು. ಕೊನೇ ಕ್ಷಣಗಳಲ್ಲಿ ಫ್ಲೋರಿಡಾ ಗೋಲ್‌ಕೀಪರ್‌ನ ತೆಗೆದು ಹೆಚ್ಚುವರಿ ಆಟಗಾರನನ್ನ ಇಳಿಸಿದಾಗ, ಖಾಲಿ ಗೋಲಿಗೆ ನಾಯಕ ಕಾನರ್ ಮೆಕ್‌ಡೇವಿಡ್ ಹೊಡೆದ್ರು. 5–3. ಮೆಕ್‌ಡೇವಿಡ್ ಸತತ ಎರಡು ಮ್ಯಾಚ್‌ಗಳಲ್ಲಿ ನಾಲ್ಕು ನಾಲ್ಕು ಪಾಯಿಂಟ್ ತಗೊಂಡಿದ್ರು. ಹಾಕಿಯಲ್ಲಿ ಗೋಲ್ ಹೊಡೆದ್ರೂ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ರೂ ಒಂದು ಪಾಯಿಂಟ್.

ಜೂನ್ 21, ಆರನೇದು, ಎಡ್ಮಂಟನ್‌ನಲ್ಲಿ 5–1. ಸರಣಿ 3–3. ಫೈನಲ್‌ನಲ್ಲಿ 0–3ರಿಂದ ಎದ್ದು ಏಳನೇ ಮ್ಯಾಚ್‌ವರೆಗೆ ತಂದಿದ್ದು 1945ರ ನಂತರ ಇದೇ ಮೊದಲು. ಆ ವರ್ಷ ಡೆಟ್ರಾಯಿಟ್ ಹೀಗೇ ಎದ್ದು ಬಂದು ಕೊನೇದ್ರಲ್ಲಿ ಸೋತಿತ್ತು.

ಆ ವಾರ ನನ್ನ ಫ್ರೆಂಡ್ ಕಳಿಸಿದ ವಾಯ್ಸ್ ನೋಟ್‌ಗಳಲ್ಲಿ ಹಿಂದೆ ಬರೀ ಗಲಾಟೆ. ಕಾರ್ ಹಾರ್ನ್, ಕಿರುಚಾಟ, ಯಾರೋ ಹಾಡೋದು. ಜೂನ್‌ನಲ್ಲಿ ಅಲ್ಲಿ ರಾತ್ರಿ 10ರವರೆಗೂ ಬೆಳಕಿರುತ್ತೆ, ಯಾರೂ ಮನೆಗೆ ಹೋಗ್ತಿರ್ಲಿಲ್ಲ. ಗುರುತೇ ಇಲ್ಲದವರು ತಬ್ಕೊಂಡ್ರು ಅಂದ. ಪಕ್ಕದ ಡೆಸ್ಕಿನವರು ಮೊದಲನೇ ಸಲ ಮನೆಗೆ ಊಟಕ್ಕೆ ಕರೆದ್ರು ಅಂದ. ಜನವರಿಯಿಂದ ಮೊದಲ ಸಲ ಅವನು ವಾಪಸ್ ಬರೋ ಮಾತು ಎತ್ತಿರ್ಲಿಲ್ಲ.

ಈಗ ಲೆಕ್ಕ ನೋಡಿ. ಸಮಬಲದ ಟಾಸ್ ಲೆಕ್ಕದಲ್ಲೇ ಹೇಳ್ತೀನಿ. 0–3ರಲ್ಲಿ ಕಪ್ ಸಾಧ್ಯತೆ 6.25. ಒಂದು ಗೆದ್ರೆ 12.5. ಎರಡು ಗೆದ್ರೆ 25. ಮೂರು ಗೆದ್ರೆ 50. ಪ್ರತಿ ಗೆಲುವಿಗೂ ಆಸೆ ಡಬಲ್. ಆದ್ರೆ ಇದರ ಇನ್ನೊಂದು ಮುಖವನ್ನ ಯಾರೂ ಹೇಳಲ್ಲ. ಕಳ್ಕೊಳ್ಳೋಕೆ ಇರೋದೂ ಪ್ರತಿ ಸಲ ಡಬಲ್ ಆಗುತ್ತೆ. ನಾಲ್ಕನೇ ಮ್ಯಾಚ್ ಸೋತಿದ್ರೆ ಕೈಬಿಟ್ಟು ಹೋಗ್ತಿದ್ದಿದ್ದು 6 ಪರ್ಸೆಂಟಿನ ಆಸೆ. ಏಳನೇದು ಸೋತ್ರೆ ಹೋಗೋದು 50 ಪರ್ಸೆಂಟಿನ ಆಸೆ. ಅಂದ್ರೆ ಕಮ್‌ಬ್ಯಾಕ್ ಅನ್ನೋದು ಸೋಲಿನ ನೋವನ್ನ ಕಮ್ಮಿ ಮಾಡಲ್ಲ, ಎತ್ತರ ಏರಿಸುತ್ತೆ.

ಆ ಕಡೆಯವರ ಕಥೆಯೂ ಹೇಳ್ಬೇಕು. 1993ರಲ್ಲಿ ಶುರುವಾದ ಪ್ಯಾಂಥರ್ಸ್ ಅಲ್ಲೀವರೆಗೂ ಒಂದು ಕಪ್ಪನ್ನೂ ಗೆದ್ದಿರ್ಲಿಲ್ಲ. ಹಿಂದಿನ ವರ್ಷವೂ ಫೈನಲ್ ಸೋತಿದ್ರು. ಈಗ 3–0 ಮುಂದಿದ್ದು 3–3. ಸೋತ್ರೆ 82 ವರ್ಷದಲ್ಲಿ ಯಾರಿಗೂ ಆಗದ ಅವಮಾನ. ಆಯ್ಲರ್ಸ್ ಫ್ಯಾನ್‌ಗೆ ಆಸೆ ಏರ್ತಿದ್ದ ವೇಗದಲ್ಲೇ ಪ್ಯಾಂಥರ್ಸ್ ಫ್ಯಾನ್‌ಗೆ ಭಯ ಏರ್ತಿತ್ತು.

ಏಳನೇ ಮ್ಯಾಚ್

ಜೂನ್ 24, ಸೋಮವಾರ. ನಮಗೆ ಅವತ್ತು ರಾತ್ರಿ ಟಿ20 ವಿಶ್ವಕಪ್‌ನಲ್ಲಿ ಭಾರತ–ಆಸ್ಟ್ರೇಲಿಯಾ ಪಂದ್ಯ ಇತ್ತು, ರೋಹಿತ್ ಶರ್ಮಾ 92 ಹೊಡೆದ ಮ್ಯಾಚ್. ಅದು ಮುಗಿಯೋ ಹೊತ್ತಿಗೆ ಮಧ್ಯರಾತ್ರಿ. ಐದು ಗಂಟೆ ನಿದ್ದೆ ಮಾಡಿ ಎದ್ದೆ. ಮ್ಯಾಚ್ ಫ್ಲೋರಿಡಾದಲ್ಲಿ, ಆದ್ರೆ ಎಡ್ಮಂಟನ್‌ನಲ್ಲಿ 18,000ಕ್ಕೂ ಹೆಚ್ಚು ಸೀಟಿರೋ ರಾಜರ್ಸ್ ಪ್ಲೇಸ್ ಪರದೆ ನೋಡೋಕೆ ಬಂದ ಜನರಿಂದಲೇ ತುಂಬಿತ್ತು. ನನ್ನ ಫ್ರೆಂಡ್ ಒಳಗಿದ್ದ.

ಮೊದಲ ಪೀರಿಯಡ್, ಫ್ಲೋರಿಡಾದ ಕಾರ್ಟರ್ ವರ್‌ಹೇಗಿ ಗೋಲ್. ಎರಡು ನಿಮಿಷದಲ್ಲಿ ಯಾನ್‌ಮಾರ್ಕ್ ಸಮ ಮಾಡಿದ. ಎರಡನೇ ಪೀರಿಯಡ್ ಮುಗಿಯೋಕೆ ಐದು ನಿಮಿಷಕ್ಕಿಂತ ಕಮ್ಮಿ ಇದ್ದಾಗ ಫ್ಲೋರಿಡಾದ ಸ್ಯಾಮ್ ರೈನ್‌ಹಾರ್ಟ್ ಗೋಲ್. 2–1. ಮೂರನೇ ಪೀರಿಯಡ್ ಪೂರ್ತಿ 20 ನಿಮಿಷ ಎಡ್ಮಂಟನ್ ಒಂದೇ ಒಂದು ಗೋಲಿಗಾಗಿ ಬಡಿದಾಡಿತು. ಬರಲಿಲ್ಲ. ಬಾಬ್ರೋವ್ಸ್ಕಿ ಗೋಡೆ ಆಗಿ ವಾಪಸ್ ಬಂದಿದ್ರು. ಪ್ಯಾಂಥರ್ಸ್‌ಗೆ ಮೊದಲ ಕಪ್.

ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಕಾನ್ ಸ್ಮೈತ್ ಟ್ರೋಫಿ ಸೋತ ತಂಡದ ಮೆಕ್‌ಡೇವಿಡ್‌ಗೆ ಬಂತು. 42 ಪಾಯಿಂಟ್, ಅದ್ರಲ್ಲಿ 34 ಅಸಿಸ್ಟ್, ಗ್ರೆಟ್ಸ್ಕಿಯ 31ರ ದಾಖಲೆ ಮುರಿದಿದ್ರು. ಸೋತ ತಂಡದವರಿಗೆ ಈ ಟ್ರೋಫಿ ಸಿಕ್ಕಿದ್ದು ಅಪರೂಪ, ಇವರು ಆರನೆಯವರು. ಹೆಸರು ಕರೆದಾಗ ಅವರು ಟ್ರೋಫಿ ತಗೊಳ್ಳೋಕೆ ಮೈದಾನಕ್ಕೆ ಬರಲೇ ಇಲ್ಲ. ನಾನು ಫೋನ್ ಹಿಡ್ಕೊಂಡು ಖಾಲಿ ಜಾಗ ನೋಡ್ತಾ ಕೂತಿದ್ದೆ.

ಹಾಗಾದ್ರೆ ಉತ್ತರ?

ಅವತ್ತು ನನ್ನ ಫ್ರೆಂಡ್ ಹೇಳಿದ್ದು, "ಇದಕ್ಕಿಂತ 4–0 ಆಗಿದ್ರೆ ಚೆನ್ನಾಗಿರ್ತಿತ್ತು ಮಗಾ. ಒಂದೇ ದಿನಕ್ಕೆ ಮುಗೀತಿತ್ತು." ನಾನು ಏನೂ ಹೇಳ್ಲಿಲ್ಲ. ಲೆಕ್ಕದ ಪ್ರಕಾರ ಅವನದ್ದೇ ಸರಿ ಅನ್ನಿಸಿತ್ತು.

ಆಮೇಲೆ ಯೋಚನೆ ಮಾಡಿದಾಗ ಅನ್ನಿಸಿದ್ದು, ನಾವು ಎಂಟ್ರಿ ತಪ್ಪಾಗಿ ಹಾಕ್ತಿದೀವಿ. ಆಟಗಾರ ಕಪ್‌ಗೋಸ್ಕರ ಆಡ್ತಾನೆ, ಅವನಿಗೆ ಕಪ್ ಸಿಗದಿದ್ರೆ ನಷ್ಟವೇ. ಮೆಕ್‌ಡೇವಿಡ್ ಬರದೇ ಇದ್ದಿದ್ದು ಅದಕ್ಕೇ ಇರಬೇಕು. ಆದ್ರೆ ಫ್ಯಾನ್ ಲೆಡ್ಜರ್ ಬೇರೆ. ಸಿನಿಮಾ ಟಿಕೆಟ್ ತಗೊಂಡು ಸಿನಿಮಾ ನೋಡಿ ಹೊರಗೆ ಬಂದ್ಮೇಲೆ ಆ ದುಡ್ಡನ್ನ ಯಾರೂ ನಷ್ಟ ಅಂತ ಬರ್ಕೊಳಲ್ಲ, ಅದು ಅನುಭವಿಸಿ ಮುಗಿದದ್ದು. ಜೂನ್ 15ರಿಂದ 24ರವರೆಗಿನ ಹತ್ತು ದಿನ ಹಾಗೇ. 4–0 ಆಗಿದ್ರೆ ನೋವು ಒಂದೇ ದಿನಕ್ಕೆ ಮುಗೀತಿತ್ತು, ನಿಜ. ಆ ಹತ್ತು ದಿನವೂ ಇರ್ತಿರ್ಲಿಲ್ಲ, ಊಟಕ್ಕೆ ಕರೆದ ಮನೆಯೂ ಇರ್ತಿರ್ಲಿಲ್ಲ.

ಇದನ್ನ ಅವನಿಗೆ ಹೇಳಿದಾಗ "ನಿನ್ನ ಅಕೌಂಟೆನ್ಸಿ ನೀನೇ ಇಟ್ಕೊ" ಅಂದ. ಆದ್ರೆ ಆ ಸೋತ ರಾತ್ರಿಯ ಬಗ್ಗೆ ಇನ್ನೊಂದು ವಿಷಯ ಆಮೇಲೆ ಹೇಳಿದ. ಪರದೆ ಆರಿದ ಮೇಲೂ ಪಕ್ಕದ ಸೀಟಲ್ಲಿ ಒಬ್ಬ ವಯಸ್ಸಾದವರು ಕೂತೇ ಇದ್ರಂತೆ. 2006ರಲ್ಲೂ ಹೀಗೇ ಫೈನಲ್‌ನಲ್ಲಿ 3–1 ಹಿಂದಿದ್ದು 3–3 ಮಾಡಿ, ಏಳನೇದನ್ನ ಕ್ಯಾರೊಲಿನಾ ಎದುರು ಸೋತ ಕಥೆಯನ್ನ ಇವನಿಗೆ ಪೂರ್ತಿ ಹೇಳಿದ್ರಂತೆ. ಮಾತಾಡ್ತಾ ಮಾತಾಡ್ತಾ ಇಬ್ರೂ ರೈಲ್ವೆ ಸ್ಟೇಷನ್‌ವರೆಗೆ ನಡ್ಕೊಂಡು ಹೋದ್ರಂತೆ. ಬೀಳ್ಕೊಡುವಾಗ ಅವರು "ಅಕ್ಟೋಬರ್‌ನಲ್ಲಿ ಸಿಗೋಣ" ಅಂದ್ರಂತೆ. ಹೊಸ ಸೀಸನ್ ಶುರುವಾಗೋ ತಿಂಗಳು ಅದು.

ಅವನು ವಾಪಸ್ ಬರಲಿಲ್ಲ. ಇನ್ನೂ ಎಡ್ಮಂಟನ್‌ನಲ್ಲೇ ಇದಾನೆ. ಹಾಕಿಯಿಂದಲೇ ಅಂತ ನಾನು ಹೇಳಲ್ಲ, ಕೆಲಸವೂ ಪರ್ಮನೆಂಟ್ ಆಯ್ತು. ಆದ್ರೆ ಮೊನ್ನೆ ತಂಡ ಮತ್ತೆ ಫೈನಲ್‌ಗೆ ಹೋದಾಗ ಅವನು ಕಳಿಸಿದ ವಾಯ್ಸ್ ನೋಟ್‌ನಲ್ಲಿ "ಅವರು" ಅನ್ನಲಿಲ್ಲ, "ನಾವು ಹೋದ್ವಿ ಮಗಾ" ಅಂದ.

ಜೂನ್ 3ಕ್ಕೆ ಆರ್‌ಸಿಬಿ ಫೈನಲ್. ಜೂನ್ 4ಕ್ಕೆ ಎಡ್ಮಂಟನ್‌ನಲ್ಲಿ ಸ್ಟಾನ್ಲಿ ಕಪ್ ಮೊದಲ ಮ್ಯಾಚ್, ಅಂದ್ರೆ ನಮಗೆ ಜೂನ್ 5, ಗುರುವಾರ ಬೆಳಗ್ಗೆ 5.30. ಎರಡರಲ್ಲೂ ಏನಾಗುತ್ತೋ ಗೊತ್ತಿಲ್ಲ. ಅಲಾರಂ ಅಂತೂ ಇಟ್ಟಾಗಿದೆ.

ನಿಮ್ಮ ತಂಡ ಎದ್ದು ಬಂದು ಕೊನೇಲಿ ಸೋತಿದ್ದು ಯಾವಾಗ? ಸುಮ್ನೆ 4–0 ಆಗಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತಾ? ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ. ಸಿಗೋಣ.